ಊರಿಗೆ ಮೊಬೈಲ್ ಟವರ್ ಬೇಕೇ? ಆಪತ್ತಿನಲ್ಲಿ 112 ಕರೆ ಹೋಗುವಂಥದ್ದನ್ನೇ ಕೇಳಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಕೆಳಗಡೆ ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳ ಹೊಳೆದಂಡೆಯ ಊರುಗಳನ್ನು ಎಚ್ಚರಿಸಬೇಕಾಯಿತು. ಇಂಥ ಹೊತ್ತಿನಲ್ಲಿ ಸುದ್ದಿ ಬರುವುದು ಫೋನಿನಲ್ಲೇ. ಮೊದಲು ಪಿಡಿಒಗೆ, ಪಂಚಾಯಿತಿ ಸದಸ್ಯರಿಗೆ, ಆಶಾ ಕಾರ್ಯಕರ್ತೆಗೆ. ಆಮೇಲೆ ಅವರಿಂದ ಮನೆಮನೆಗೆ. ಆಗ ಟವರ್ ಬಂದ್ ಇದ್ದರೆ ಏನು ಗತಿ?

ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಸಿಗ್ನಲ್ಲೂ ಹೋಗುವ ಟವರ್ ನಮ್ಮ ಕಡೆ ಹೊಸದಲ್ಲ. ಹಾಗಾಗಿ "ನಮ್ಮೂರಿಗೆ ಟವರ್ ಕೊಡಿ" ಅಂತ ಅಷ್ಟೇ ಬರೆದರೆ ಸಾಲದು. ಎಲ್ಲಿ ನಿಲ್ಲಬೇಕು, ಕರೆಂಟ್ ಇಲ್ಲದೆ ಎಷ್ಟು ತಾಸು ನಡೆಯಬೇಕು, ಯಾವ ಫೋನಿಗೆ ಸಿಗಬೇಕು, ಇವನ್ನೂ ಬರೆದು ಕೇಳಬೇಕು. ಕಂಪನಿ ಟವರ್ ಹಾಕುವುದು ಜನ ಜಾಸ್ತಿ ಇರುವ ಕಡೆ. ಆಪತ್ತು ಬರುವುದು ಹೊಲದಲ್ಲಿ, ಕಾಲುವೆ ದಂಡೆಯಲ್ಲಿ, ಊರಾಚೆಯ ರಸ್ತೆಯಲ್ಲಿ. ಹಾವು ಕಚ್ಚುವುದೂ ಅಲ್ಲೇ, ಸಿಡಿಲು ಬಡಿಯುವುದೂ ಅಲ್ಲೇ.

1. ಮೊದಲು ಸಿಗ್ನಲ್ ಅಳೆಯಿರಿ

"ನೆಟ್‌ವರ್ಕ್ ಇಲ್ಲ" ಅಂದರೆ ಯಾವ ಅಧಿಕಾರಿಯೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಂಕಿ ಕೊಡಿ. ಆಂಡ್ರಾಯ್ಡ್ ಫೋನಿನಲ್ಲಿ ಸೆಟಿಂಗ್ಸ್ ಒಳಗೆ 'ಅಬೌಟ್ ಫೋನ್', ಅಲ್ಲಿ 'ಸಿಮ್ ಸ್ಟೇಟಸ್' ತೆಗೆದರೆ ಸಿಗ್ನಲ್ ಬಲ ಡಿಬಿಎಂ ಲೆಕ್ಕದಲ್ಲಿ ಕಾಣುತ್ತದೆ. ಅದು ಮೈನಸ್ ಅಂಕಿ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 110 ದಾಟಿದರೆ ಕರೆ ಕಡಿಯುತ್ತದೆ. ಮೈನಸ್ 120 ಅಂದರೆ ಇದ್ದೂ ಇಲ್ಲದಂತೆ.

ನಾಲ್ಕು ಹುಡುಗರನ್ನು ಕರೆದುಕೊಳ್ಳಿ. ಒಬ್ಬೊಬ್ಬರ ಹತ್ತಿರ ಒಂದೊಂದು ಕಂಪನಿಯ ಸಿಮ್ ಇರಲಿ. ಅಂಗನವಾಡಿ, ಶಾಲೆ, ಉಪಕೇಂದ್ರ, ಬಸ್‌ಸ್ಟ್ಯಾಂಡ್, ಹೊಳೆಗೆ ಇಳಿಯುವ ದಾರಿ, ತಾಂಡಾ, ಕ್ಯಾಂಪು, ಎಲ್ಲ ಕಡೆ ಅಳೆದು ಬರೆದುಕೊಳ್ಳಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಕರೆಂಟ್ ಹೋದಾಗ ಇನ್ನೊಮ್ಮೆ. ಈ ಮೂರನೆಯದೇ ಮುಖ್ಯ. ಕರೆಂಟ್ ಹೋದ ಮೇಲೆ ಮಾತ್ರ ಸಿಗ್ನಲ್ ಬೀಳುತ್ತಿದ್ದರೆ ನಿಮಗೆ ಬೇಕಿರುವುದು ಹೊಸ ಟವರ್ ಅಲ್ಲ, ಹಳೆ ಟವರ್‌ಗೆ ಬ್ಯಾಟರಿ. ಅದು ಬೇಗ ಆಗುವ ಕೆಲಸ.

ಕಂಪನಿಗಳು ತಮ್ಮ ಸಿಗ್ನಲ್ ಎಲ್ಲೆಲ್ಲಿ ಇದೆ ಎಂಬ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ನಿಯಮದಲ್ಲಿ ಹೇಳಿದೆ. ಆ ನಕ್ಷೆ ತೆಗೆದು ನಿಮ್ಮ ಊರು ನೋಡಿ. ನಕ್ಷೆಯಲ್ಲಿ ಬಣ್ಣ ಇದ್ದು ನೆಲದಲ್ಲಿ ಸಿಗ್ನಲ್ ಇಲ್ಲದಿದ್ದರೆ ನಿಮ್ಮ ಅರ್ಜಿಗೆ ಅದಕ್ಕಿಂತ ಒಳ್ಳೆ ಲಗತ್ತು ಬೇರೆ ಇಲ್ಲ. ಎರಡರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

2. ಟವರ್ ಬರುವ ತನಕ

ಟವರ್ ಬರಲು ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಒಂದು ವಿಷಯ ಊರಿಗೆಲ್ಲ ಗೊತ್ತಿರಲಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದೆ ಫೋನ್ ಮೇಲೆ 'ಎಮರ್ಜೆನ್ಸಿ ಕಾಲ್ಸ್ ಓನ್ಲಿ' ಅಂತ ಬಂದರೆ, ಅಲ್ಲಿ ಬೇರೆ ಕಂಪನಿಯ ಟವರ್ ಸಿಗುತ್ತಿದೆ ಎಂದರ್ಥ. ಆಗ 112 ಒತ್ತಿ. ಫೋನ್ ಆ ಕಂಪನಿಯ ಟವರ್ ಹಿಡಿದು ಕರೆ ಮಾಡುತ್ತದೆ. 108 ಒತ್ತಿದರೆ ಹೋಗದೇ ಇರಬಹುದು. 112 ಅನ್ನು ಎಲ್ಲ ಫೋನುಗಳೂ ತುರ್ತು ನಂಬರ್ ಎಂದು ಗುರುತಿಸುತ್ತವೆ, 108 ಅನ್ನು ಎಲ್ಲವೂ ಗುರುತಿಸುವುದಿಲ್ಲ. ಆಂಬುಲೆನ್ಸ್ ಬೇಕಿದ್ದರೂ ಅಂಥ ಕಡೆ 112ಕ್ಕೇ ಹೇಳಿ.

ಪಂಚಾಯಿತಿ ಕಟ್ಟಡಕ್ಕೆ ಭಾರತ್‌ನೆಟ್ ಫೈಬರ್ (ಸರ್ಕಾರದ ಇಂಟರ್ನೆಟ್ ಕೇಬಲ್) ಬಂದಿದ್ದರೆ ಅಲ್ಲಿನ ವೈಫೈಗೆ ಸೇರಿಸಿ ಫೋನಿನಲ್ಲಿ ವೈಫೈ ಕಾಲಿಂಗ್ ಚಾಲೂ ಮಾಡಿಸಿ. ಸುತ್ತ ಸಿಗ್ನಲ್ ಇಲ್ಲದಿದ್ದರೂ ಆ ಕಟ್ಟಡದಿಂದ ಮಾತಾಡಬಹುದು. ಆದರೆ ರಾತ್ರಿ ಕಟ್ಟಡದ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಅದನ್ನೂ ಈಗಲೇ ಇತ್ಯರ್ಥ ಮಾಡಿ.

ಸ್ಯಾಟಲೈಟ್ ಫೋನ್ ತರಿಸೋಣ ಅನ್ನುವವರು ಊರಿಗೊಬ್ಬರು ಇರುತ್ತಾರೆ. ಬೇಡ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ.

3. ಗ್ರಾಮಸಭೆಯಲ್ಲಿ ಠರಾವು

ಒಬ್ಬರ ಸಹಿಯ ಅರ್ಜಿಗಿಂತ ಠರಾವಿಗೆ ತೂಕ ಜಾಸ್ತಿ. ಆದರೆ ಬಹಳಷ್ಟು ಠರಾವುಗಳು "ವಿದ್ಯಾರ್ಥಿಗಳಿಗೆ ಆನ್‌ಲೈನ್ ಪಾಠಕ್ಕೆ ತೊಂದರೆ" ಎಂಬಲ್ಲಿಗೇ ನಿಂತುಬಿಡುತ್ತವೆ. ಅದೂ ಇರಲಿ, ಮೊದಲ ಸಾಲಿನಲ್ಲಿ ಮಾತ್ರ ಬೇಡ. ಹೀಗೆ ಬರೆಯಬಹುದು:

"ನಮ್ಮ ಗ್ರಾಮ ಮತ್ತು ಅದಕ್ಕೆ ಸೇರಿದ ತಾಂಡಾ, ಕ್ಯಾಂಪುಗಳಲ್ಲಿ ಯಾವುದೇ ಕಂಪನಿಯ ಸಿಗ್ನಲ್ ಸರಿಯಾಗಿ ಸಿಗುತ್ತಿಲ್ಲ. ಅಳೆದ ವಿವರ ಲಗತ್ತಿಸಿದೆ. ಹೆರಿಗೆ, ಹಾವು ಕಡಿತ, ಅಪಘಾತ, ಬೆಂಕಿ, ಪ್ರವಾಹದ ಹೊತ್ತಿನಲ್ಲಿ 112 ಮತ್ತು 108ಕ್ಕೆ ಕರೆ ಹೋಗುತ್ತಿಲ್ಲ. ಆದ್ದರಿಂದ ವಿದ್ಯುತ್ ಇಲ್ಲದಾಗಲೂ ಕೆಲಸ ಮಾಡುವ, ಎಲ್ಲ ಕಂಪನಿಗಳ ಗ್ರಾಹಕರಿಗೂ ಸಿಗುವ ಟವರ್ ಮಂಜೂರು ಮಾಡಬೇಕೆಂದು ಈ ಸಭೆ ಠರಾಯಿಸುತ್ತದೆ. ಇದಕ್ಕೆ ಪಂಚಾಯಿತಿ ತೋರಿಸುವ ಜಾಗದ ವಿವರ ಹೀಗಿದೆ."

ಕೊನೆಯ ಸಾಲು ಮರೆಯಬೇಡಿ. ಜಾಗ ತೋರಿಸಿದ ಊರಿನ ಫೈಲು ಬೇಗ ಸರಿಯುತ್ತದೆ. ಆಶಾ ಕಾರ್ಯಕರ್ತೆಯರು ಯಾವ ಹೆರಿಗೆಗೆ ಎಲ್ಲಿಗೆ ನಡೆದುಹೋಗಿ ಫೋನ್ ಮಾಡಿದರು ಎನ್ನುವುದನ್ನು ಅವರಿಂದಲೇ ಬರೆಸಿ ಸೇರಿಸಿ. ರೋಗಿಯ ಹೆಸರು ಬೇಡ, ತಾರೀಖು ಮತ್ತು ಜಾಗ ಸಾಕು.

4. ಯಾರ ಕಚೇರಿಗೆ ಹೋಗಬೇಕು

ಖಾಸಗಿ ಕಂಪನಿ ನಿಮ್ಮ ಊರಿನಲ್ಲಿ ಲಾಭ ಕಾಣದಿದ್ದರೆ ಬರುವುದಿಲ್ಲ. ಅದಕ್ಕೆ ಅದನ್ನು ಬೈದು ಪ್ರಯೋಜನವೂ ಇಲ್ಲ. ಇಂಥ ಊರುಗಳಿಗಾಗಿಯೇ ಕೇಂದ್ರದಲ್ಲಿ ಒಂದು ನಿಧಿ ಇದೆ. ಮೊದಲು ಯುಎಸ್‌ಒ ಫಂಡ್ ಅನ್ನುತ್ತಿದ್ದರು. 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ ಡಿಜಿಟಲ್ ಭಾರತ್ ನಿಧಿ ಆಯಿತು. ಈ ಹಣದಲ್ಲೇ 4ಜಿ ಸ್ಯಾಚುರೇಶನ್ ಯೋಜನೆ, ಅಂದರೆ ಸಿಗ್ನಲ್ ಇಲ್ಲದ ಹಳ್ಳಿಗಳಿಗೆಲ್ಲ 4ಜಿ ಕೊಡುವ ಯೋಜನೆ, ನಡೆಯುತ್ತಿದೆ. 2022ರ ಜುಲೈನಲ್ಲಿ ಕೇಂದ್ರ ಸಂಪುಟ ಅದಕ್ಕೆ 26,316 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಸಿಗ್ನಲ್ ಇಲ್ಲದ 24,680 ಹಳ್ಳಿಗಳು ಆಗಿನ ಲೆಕ್ಕ. ಟವರ್ ಹಾಕುವುದು ಬಿಎಸ್‌ಎನ್‌ಎಲ್.

ಹಾಗಾಗಿ ಮೊದಲ ಪ್ರತಿ ಬಿಎಸ್‌ಎನ್‌ಎಲ್ ಜಿಲ್ಲಾ ಕಚೇರಿಗೆ. "ನಮ್ಮ ಊರು ಪಟ್ಟಿಯಲ್ಲಿ ಇದೆಯಾ, ಇಲ್ಲದಿದ್ದರೆ ಸೇರಿಸಲು ಏನು ಬೇಕು" ಅಂತ ಬರಹದಲ್ಲೇ ಕೇಳಿ. ಎರಡನೇ ಪ್ರತಿ ಜಿಲ್ಲಾಧಿಕಾರಿಗೆ. ಇಲ್ಲಿ ಒಂದು ಉಪಾಯ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಅರ್ಜಿಯನ್ನು ಆ ಪ್ರಾಧಿಕಾರದ ಅಧ್ಯಕ್ಷರಿಗೆ ಎಂದು ಬರೆಯಿರಿ. ಆಗ ಅದು ನೆಟ್‌ವರ್ಕ್ ದೂರು ಆಗಿ ಉಳಿಯುವುದಿಲ್ಲ, ವಿಪತ್ತು ತಯಾರಿಯ ವಿಷಯ ಆಗುತ್ತದೆ. ಮೂರನೆಯದು ಸಂಸದರಿಗೆ. ಕೇಂದ್ರ ಯೋಜನೆಗಳನ್ನು ಪರಿಶೀಲಿಸುವ ದಿಶಾ ಸಮಿತಿ ಸಭೆ ಅವರ ಅಧ್ಯಕ್ಷತೆಯಲ್ಲೇ ನಡೆಯುತ್ತದೆ. ಸಾರ್ವಜನಿಕರ ದೂರಿಗೆಂದೇ ಇರುವ ಕೇಂದ್ರದ ಪಿಜಿ ಪೋರ್ಟಲ್‌ನಲ್ಲೂ ದೂರು ಹಾಕಿ, ನೋಂದಣಿ ನಂಬರ್ ಬರೆದಿಟ್ಟುಕೊಳ್ಳಿ.

ನಿಧಿಯ ಹಣದಲ್ಲಿ ಹಾಕಿದ 4ಜಿ ಟವರ್‌ಗೆ ಇನ್ನೊಂದು ಅನುಕೂಲ ಇದೆ. 2025ರ ಜನವರಿಯಲ್ಲಿ ಇಂಥ ಟವರ್‌ಗಳಿಗೆ ಇಂಟ್ರಾ ಸರ್ಕಲ್ ರೋಮಿಂಗ್ ಶುರು ಮಾಡಿದರು. ಅಂದರೆ ಟವರ್ ಒಂದು ಕಂಪನಿಯದಾದರೂ ಬೇರೆ ಕಂಪನಿಯ ಸಿಮ್‌ನವರಿಗೂ ಸಿಗ್ನಲ್. ನಿಮ್ಮ ಟವರ್‌ನಲ್ಲಿ ಇದು ಚಾಲೂ ಇರುತ್ತದಾ ಎಂದು ಕೇಳಿಯೇ ಕೇಳಿ.

ಬ್ರಿಟನ್ನಿನಲ್ಲಿ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಸಿಬ್ಬಂದಿಗಾಗಿಯೇ ಸರ್ಕಾರ ಹಳ್ಳಿಗಾಡಿನಲ್ಲಿ ಟವರ್ ಕಟ್ಟಿಸುತ್ತಿದೆ. ಆಮೇಲೆ ಅದರ ಮೇಲೆ ಕಂಪನಿಗಳಿಗೂ ಜಾಗ ಕೊಡುತ್ತದೆ. ನಮ್ಮಲ್ಲಿ ಇದು ಉಲ್ಟಾ. ಜನರ ಟವರ್ ಮೇಲೆಯೇ ತುರ್ತು ಕರೆಯೂ ಹೋಗಬೇಕು. ಅದಕ್ಕೇ ಕೇಳುವಾಗ ಇಷ್ಟು ಜಿದ್ದು.

5. ಜಾಗ

ಊರ ನಡುವೆ ಖಾಲಿ ಸೈಟ್ ಇದೆ ಎಂದು ಅದನ್ನೇ ತೋರಿಸಿಬಿಡುತ್ತಾರೆ. ಸ್ವಲ್ಪ ತಡೆಯಿರಿ.

ಹೊಳೆದಂಡೆಯ ಊರಾದರೆ ಮೊದಲು ಹಿರಿಯರನ್ನು ಕೇಳಿ, ಯಾವ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಅಂತ. 2009 ಮತ್ತು 2019ರ ನೆರೆ ಎಲ್ಲರ ನೆನಪಿನಲ್ಲೂ ಇದೆ. ಆ ಗುರುತಿಗಿಂತ ಮೇಲೆ ಜಾಗ ಇರಬೇಕು. ಟವರ್ ಕಂಬಕ್ಕೆ ನೀರಿನ ಭಯ ಕಮ್ಮಿ. ಕೆಳಗಿರುವ ಕ್ಯಾಬಿನೆಟ್, ಬ್ಯಾಟರಿ, ಜನರೇಟರ್‌ಗೆ ನೀರು ತಾಗಿದರೆ ಕಥೆ ಮುಗಿಯಿತು. ಎತ್ತರದ ಜಾಗ ಸಿಗದಿದ್ದರೆ ಅವನ್ನು ಎತ್ತರದ ಕಟ್ಟೆಯ ಮೇಲೆ ಇಡಿಸಿ.

ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ನಡುಗಡ್ಡೆಗಳಿವೆ, ಕರಕಲಗಡ್ಡಿ, ಮ್ಯಾದರಗಡ್ಡಿಯಂಥವು. ರಾಯಚೂರು ತಾಲ್ಲೂಕಿನಲ್ಲಿ ಕುರ್ವಕಲಾ, ಕುರ್ವಕುರ್ದಾ ಇವೆ. ನಾರಾಯಣಪುರ ಜಲಾಶಯದಿಂದ ನೀರು ಜೋರಾಗಿ ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಇಂಥ ಕಡೆ ಟವರ್ ನಡುಗಡ್ಡೆಯಲ್ಲೇ ಬೇಕು ಅಂತ ಹಟ ಮಾಡುವುದಕ್ಕಿಂತ, ದಂಡೆಯ ಎತ್ತರದ ಜಾಗದಿಂದ ನಡುಗಡ್ಡೆ ಕಡೆಗೆ ಆಂಟೆನಾ ತಿರುಗಿಸುವುದು ಜಾಣತನ ಅಂತ ನನ್ನ ಅನಿಸಿಕೆ. ಸೇತುವೆ ಮುಳುಗಿದ ಮೇಲೆ ಡೀಸೆಲ್ ಒಯ್ಯುವವರು ಯಾರು?

ಗುಡ್ಡದ ನೆರಳೂ ನೋಡಿ. ಗಂಗಾವತಿ, ಆನೆಗೊಂದಿ, ಸಂಡೂರು ಕಡೆ ಬಂಡೆಗುಡ್ಡಗಳ ಹಿಂದಿನ ಊರಿಗೆ ಎರಡು ಕಿಲೋಮೀಟರ್ ದೂರದ ಟವರ್ ಕೂಡ ತಲುಪದೇ ಇರಬಹುದು. ಸಿಂಧನೂರು, ಸಿರುಗುಪ್ಪದ ಬಯಲಿನಲ್ಲಿ ಅದೇ ಎತ್ತರದ ಟವರ್ ಎಷ್ಟೋ ದೂರ ಹೋಗುತ್ತದೆ. ಗುಡ್ಡದ ಮೇಲೆ ಹಾಕೋಣ ಅಂದರೆ ಅದು ಅರಣ್ಯ ಜಾಗವೇ ಎಂದು ನೋಡಬೇಕು. ಅರಣ್ಯವಾದರೆ ಅನುಮತಿ ಬೇರೆ, ಕಾಲವೂ ಬೇರೆ. ಆನೆಗೊಂದಿ ಸುತ್ತಮುತ್ತ ಇನ್ನೂ ಒಂದು ತೊಡಕು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಏನೂ ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕು. ಇದರ ಜೊತೆ ಹಂಪಿ ಪ್ರಾಧಿಕಾರದ ವ್ಯಾಪ್ತಿಯೂ ಇದೆ. 2019ರ ಆಗಸ್ಟ್‌ನ ನೆರೆಯಲ್ಲಿ ಅಲ್ಲೇ ಹತ್ತಿರದ ನಡುಗಡ್ಡೆ ವಿರುಪಾಪುರಗಡ್ಡಿಯಲ್ಲಿ ಪ್ರವಾಸಿಗರು ಸಿಕ್ಕಿಕೊಂಡು ದೋಣಿ, ಹೆಲಿಕಾಪ್ಟರ್‌ನಲ್ಲಿ ಹೊರಗೆ ತಂದದ್ದು ನೆನಪಿರಬೇಕು. ನಿಯಮ ಬಿಗಿ ಇರುವ ಕಡೆಯೇ ಟವರ್ ಅಗತ್ಯವೂ ಜಾಸ್ತಿ, ಏನು ಮಾಡುವುದು!

ಜಾಗದ ಕಾಗದ: ಪಂಚಾಯಿತಿ ಜಾಗ ಅಥವಾ ಗೈರಾಣ (ಸರ್ಕಾರಿ ಗೋಮಾಳ) ಆದರೆ ತಹಶೀಲ್ದಾರ್ ಕಚೇರಿಯ ಮೂಲಕ ಹೋಗಬೇಕು. ಖಾಸಗಿ ಹೊಲವಾದರೆ ಪಹಣಿಯಲ್ಲಿ ಹೆಸರಿರುವ ಎಲ್ಲರ ಒಪ್ಪಿಗೆ ಬೇಕು. ಅಣ್ಣ ಸಹಿ ಮಾಡಿ ತಮ್ಮ ತಕರಾರು ತೆಗೆದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಲೀಸ್ ಕರಾರಿನಲ್ಲಿ ಎಷ್ಟು ವರ್ಷ, ಬಾಡಿಗೆ ಯಾವಾಗ ಏರುತ್ತದೆ, ಟವರ್ ತೆಗೆದರೆ ಕಾಂಕ್ರೀಟ್ ಕಿತ್ತು ಕೊಡುವವರು ಯಾರು, ಡೀಸೆಲ್ ಗಾಡಿಗೆ ದಾರಿ ಎಲ್ಲಿ, ಇವು ಇರಲಿ. ದಾರಿ ವಿಷಯ ಬಿಟ್ಟು ಸಹಿ ಮಾಡಿದರೆ ಬೆಳೆ ನಿಂತ ಕಾಲದಲ್ಲಿ ಜಗಳ ಗ್ಯಾರಂಟಿ.

6. ಮೋಸಗಾರರ ಫೋನ್

"ನಿಮ್ಮ ಹೊಲದಲ್ಲಿ ಟವರ್ ಹಾಕ್ತೀವಿ, ತಿಂಗಳಿಗೆ ಇಷ್ಟು ಸಾವಿರ ಬಾಡಿಗೆ, ಮೊದಲು ನೋಂದಣಿ ಶುಲ್ಕ ಕಟ್ಟಿ." ಇಂಥ ಫೋನ್ ಅಥವಾ ಪತ್ರ ಬಂದರೆ ಅದು ಮೋಸ. ನಿಜವಾದ ಕಂಪನಿ ನಿಮಗೆ ಬಾಡಿಗೆ ಕೊಡುತ್ತದೆ, ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಟ್ರಾಯ್ ಹೆಸರಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತೋರಿಸುತ್ತಾರೆ. ಟವರ್ ಹಾಕಲು ಟ್ರಾಯ್ ಅಂಥ ಎನ್‌ಒಸಿ ಕೊಡುವುದೇ ಇಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

7. ಕಟ್ಟುವಾಗ ನೋಡಬೇಕಾದದ್ದು

ಕೆಲಸ ಎಂಜಿನಿಯರುಗಳದ್ದು, ನಿಜ. ಆದರೂ ನೆಲ ನಿಮ್ಮದು, ಅದರ ಗುಣ ನಿಮಗೆ ಗೊತ್ತು. ಎರೆ (ಕಪ್ಪು ಮಣ್ಣಿನ) ಹೊಲ ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ನಲವತ್ತು ಮೀಟರ್ ಟವರ್ ಅಂಥ ನೆಲದಲ್ಲಿ ನಿಲ್ಲಬೇಕಾದರೆ ಮಣ್ಣು ಪರೀಕ್ಷೆ ಆಗಿಯೇ ಆಗಬೇಕು, ಬುನಾದಿ ಅದಕ್ಕೆ ತಕ್ಕಂತೆ ಇರಬೇಕು. ಬೇರೆ ಊರಿನ ಡ್ರಾಯಿಂಗ್ ತಂದು ಇಲ್ಲಿ ತೋಡುತ್ತಿದ್ದರೆ ಪ್ರಶ್ನೆ ಕೇಳಿ. ಕಾಂಕ್ರೀಟ್ ಪೂರ್ತಿ ಬಲ ಪಡೆಯುವ ಲೆಕ್ಕ 28 ದಿನ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಮೊದಲ ದಿನಗಳ ನೀರುಣಿಕೆ ತಪ್ಪಿದರೆ ಅದು ಬಿರುಕು ಬಿಡುತ್ತದೆ. ನೀರಿಗೆ ಪಂಚಾಯಿತಿಯೇ ಟ್ಯಾಂಕರ್ ಕೊಟ್ಟರೂ ನಷ್ಟ ಇಲ್ಲ.

ಮಸಾರಿ (ಕೆಂಪು ಮಣ್ಣು) ಅಥವಾ ಬಂಡೆ ನೆಲದಲ್ಲಿ ಬುನಾದಿ ಗಟ್ಟಿ, ಕಷ್ಟ ಅರ್ಥಿಂಗ್‌ದು. ಬಂಡೆಯೊಳಗೆ ವಿದ್ಯುತ್ ಸುಲಭವಾಗಿ ಇಳಿಯುವುದಿಲ್ಲ. ಸಿಡಿಲು ಬಡಿದರೆ ಉಪಕರಣ ಸುಡುತ್ತದೆ. ತುದಿಯಲ್ಲಿ ಮಿಂಚುವಾಹಕ ಇದೆಯಾ, ಅರ್ಥಿಂಗ್ ಗುಂಡಿಗಳು ಎಷ್ಟು, ಅಳತೆ ಮಾಡಿದಾಗ ಎಷ್ಟು ಓಂ ಬಂತು ಎಂದು ಬರೆಸಿಕೊಳ್ಳಿ.

ಇನ್ನೊಂದು ಪ್ರಶ್ನೆ ಜನ ಕೇಳುವುದೇ ಇಲ್ಲ: "ನಮ್ಮ ಟವರ್ ಯಾವುದರ ಮೇಲೆ ನಿಂತಿದೆ?" ಪ್ರತಿ ಟವರ್‌ಗೂ ಹಿಂದೆ ಒಂದು ಕೊಂಡಿ ಬೇಕು. ಒಂದೋ ಫೈಬರ್, ಇಲ್ಲವೇ ದುಂಡನೆಯ ಮೈಕ್ರೋವೇವ್ ಡಿಶ್ ಮೂಲಕ ಪಕ್ಕದ ಟವರ್. ಪಕ್ಕದ ಊರಿನ ಟವರ್ ಬಂದ್ ಆದರೆ ನಿಮ್ಮದು ಚೆನ್ನಾಗಿದ್ದೂ ಕರೆ ಹೋಗುವುದಿಲ್ಲ. ರಸ್ತೆ ಅಗಲ ಮಾಡುವಾಗ, ಕಾಲುವೆ ರಿಪೇರಿಯಲ್ಲಿ ಜೆಸಿಬಿ ಫೈಬರ್ ಕಡಿದರೂ ಅಷ್ಟೇ. ಎರಡು ದಾರಿ ಇದ್ದರೆ ಉತ್ತಮ. ಒಂದೇ ಇದ್ದರೆ ಆ ಮೂಲ ಟವರ್‌ಗೂ ಬ್ಯಾಟರಿ ಚೆನ್ನಾಗಿರಲಿ ಎಂದು ಎರಡೂ ಊರಿನವರು ಸೇರಿ ಅರ್ಜಿ ಕೊಡಿ.

ಹಾಗೆಯೇ, ಬರುತ್ತಿರುವುದು 4ಜಿ ಮಾತ್ರವೋ ಎಂದು ಕೇಳಿ. 4ಜಿ ಮಾತ್ರ ಇರುವ ಟವರ್‌ನಲ್ಲಿ ಅಜ್ಜನ ಹಳೆ 2ಜಿ ಕೀಪ್ಯಾಡ್ ಫೋನಿಗೆ ಏನೂ ಸಿಗದು. ಒಬ್ಬರೇ ಇರುವ ಮುದುಕರ ಮನೆಗಳಿಗೆ 4ಜಿ ಕೀಪ್ಯಾಡ್ ಫೋನ್ ಕೊಡಿಸಲು ಮಕ್ಕಳಿಗೆ ಮೊದಲೇ ಹೇಳಿ.

8. ಕರೆಂಟ್ ಇಲ್ಲದ ಹೊತ್ತು

ಎಲ್ಲಕ್ಕಿಂತ ಮುಖ್ಯ ಇದು. ಟವರ್‌ನ ಉಪಕರಣ 48 ವೋಲ್ಟ್ ಡಿಸಿಯಲ್ಲಿ ನಡೆಯುತ್ತದೆ. ಕರೆಂಟ್ ಕಂಪನಿ ಜೆಸ್ಕಾಂನ ಲೈನ್ ಹೋದರೆ ಬ್ಯಾಟರಿ, ಅದೂ ಮುಗಿದರೆ ಜನರೇಟರ್. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ನೀವೇ ಲೆಕ್ಕ ಹಾಕಬಹುದು. 48 ವೋಲ್ಟ್, 300 ಆಂಪಿಯರ್ ಅವರ್ ಬ್ಯಾಟರಿ ಅಂದರೆ 48 ಗುಣಿಸು 300, 14,400 ವ್ಯಾಟ್ ಅವರ್, ಅಂದರೆ 14.4 ಯುನಿಟ್. ಪೂರ್ತಿ ಬರಿದು ಮಾಡುವಂತಿಲ್ಲ, ಶೇಕಡಾ 80 ಹಿಡಿಯಿರಿ. ಟವರ್ ಲೋಡ್ ಒಂದೂವರೆ ಕಿಲೋವ್ಯಾಟ್ ಇದ್ದರೆ ಏಳೂವರೆ ತಾಸು ಬರುತ್ತದೆ. ಅದು ಹೊಸ ಬ್ಯಾಟರಿಯ ಲೆಕ್ಕ.

ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಲೆಡ್ ಆಸಿಡ್ ಬ್ಯಾಟರಿಗೆ ಶಾಖ 10 ಡಿಗ್ರಿ ಏರಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಹೊಸದರಲ್ಲಿ ಏಳು ತಾಸು ಬಂದದ್ದು ಕೆಲವು ಬೇಸಿಗೆ ಕಳೆದ ಮೇಲೆ ಒಂದು ತಾಸಿಗೆ ಇಳಿದರೆ ಆಶ್ಚರ್ಯ ಇಲ್ಲ. ಲಿಥಿಯಂ ಬ್ಯಾಟರಿ ಕೇಳಿ, ಕ್ಯಾಬಿನೆಟ್ ಮೇಲೆ ನೆರಳು ಕೇಳಿ. ಬಿಸಿಲಿಗೆ ಬರ ಇಲ್ಲದ ನಾಡಿನಲ್ಲಿ ಸೋಲಾರ್ ಯಾಕಿಲ್ಲ ಅಂತಲೂ ಕೇಳಿ. ಡೀಸೆಲ್ ಕಳವು ಎಲ್ಲರಿಗೂ ಗೊತ್ತಿರುವ ಕಥೆ, ಸೋಲಾರ್ ಇದ್ದರೆ ಆ ತಲೆನೋವೂ ಕಮ್ಮಿ. ಮಳೆಗಾಲದ ಮೋಡಕ್ಕೆ ಜನರೇಟರ್ ಹೇಗೂ ಇರಲಿ.

ಟ್ರಾಯ್ ನಿಯಮದಲ್ಲಿ ಸೇವೆ ಒಂದು ದಿನಕ್ಕಿಂತ ಜಾಸ್ತಿ ನಿಂತರೆ ಗ್ರಾಹಕರಿಗೆ ಪರಿಹಾರ ಇದೆ. ಆದರೆ ಅದು ಜಿಲ್ಲೆ ಮಟ್ಟದ ಲೆಕ್ಕ. ನಿಮ್ಮ ಒಂದು ಊರಿನ ಟವರ್ ಮೂರು ದಿನ ಮಲಗಿದರೆ ಅದರಡಿ ಏನೂ ಸಿಗದು. ಆದ್ದರಿಂದ ಪಂಚಾಯಿತಿಯಲ್ಲಿ ಒಂದು ವಹಿ ಇಡಿ. ಟವರ್ ಎಂದು ಬಂದ್, ಎಷ್ಟು ಹೊತ್ತಿಗೆ, ಆಗ ಕರೆಂಟ್ ಇತ್ತೇ, ಎಷ್ಟು ಹೊತ್ತಿಗೆ ಬಂತು. ಹೊಲಿಗೆ ಅಂಗಡಿಯವರೋ ಕಿರಾಣಿಯವರೋ, ದಿನವಿಡೀ ಒಂದೇ ಕಡೆ ಕೂರುವವರು ಬರೆದರೆ ಸಾಕು.

9. ವಿಕಿರಣದ ಭಯ

ಟವರ್ ಬೇಡ ಅನ್ನುವವರೂ ಊರಿನಲ್ಲಿ ಇರುತ್ತಾರೆ. ಅವರನ್ನು ಗದರಿಸಬೇಡಿ, ಅಳೆದು ತೋರಿಸಿ. ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗವನ್ನೇ ಭಾರತ 2012ರ ಸೆಪ್ಟೆಂಬರ್‌ನಿಂದ ಮಿತಿ ಮಾಡಿಕೊಂಡಿದೆ. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ 4,000 ರೂಪಾಯಿ ಕಟ್ಟಿದರೆ ನೀವು ಹೇಳಿದ ಜಾಗಕ್ಕೆ ಬಂದು ಅಳೆಯುತ್ತಾರೆ.

10. ಚಾಲೂ ಆದ ಮೇಲೆ

ರಿಬ್ಬನ್ ಕಟ್ ಮಾಡಿದ ದಿನ ಫೋಟೋ ತೆಗೆದು ಮನೆಗೆ ಹೋಗಬೇಡಿ. ಮೊದಲು ಅಳೆದ ಜಾಗಗಳಲ್ಲೇ ಮತ್ತೆ ಅಳೆಯಿರಿ. 112ಕ್ಕೆ ಸುಮ್ನೆ ಕರೆ ಮಾಡಿ ನೋಡುವುದು ಬೇಡ, ಅದು ನಿಜವಾದ ಆಪತ್ತಿನವರ ಸಾಲು. ಠಾಣೆಗೆ ಮೊದಲೇ ಹೇಳಿ, ಅವರು ಹೇಳಿದ ಹೊತ್ತಿಗೆ ಪರೀಕ್ಷೆ ಮಾಡಿ. ಕರೆ ತೆಗೆದವರಿಗೆ ನಿಮ್ಮ ಜಾಗ ಹೇಗೆ ಗೊತ್ತಾಯಿತು ಎಂದೂ ಕೇಳಿಕೊಳ್ಳಿ.

ಜಾಗ ಹೇಳುವುದನ್ನು ಊರಿನವರಿಗೆ ಕಲಿಸಬೇಕು. ಗಾಬರಿಯಲ್ಲಿ "ಸರ, ನಮ್ಮ ಹೊಲದಾಗ ಬಿದ್ದಾನ್ರಿ, ಲಗೂ ಬರ್ರಿ" ಅಂದುಬಿಡುತ್ತಾರೆ. ಯಾವ ಹೊಲ? ತಾಲ್ಲೂಕು, ಊರು, ಯಾವ ರಸ್ತೆ, ಹತ್ತಿರದ ಗುಡಿಯೋ ಕಾಲುವೆಯ ನಂಬರೋ, ಈ ಕ್ರಮದಲ್ಲಿ ಹೇಳಬೇಕು. ಒಂದೇ ಹೆಸರಿನ ಊರು ಎರಡು ತಾಲ್ಲೂಕಿನಲ್ಲಿ ಇರುವುದು ನಮ್ಮಲ್ಲಿ ಸಾಮಾನ್ಯ, ಅದಕ್ಕೇ ತಾಲ್ಲೂಕು ಮೊದಲು. ಫೋನ್ ಇಡುವ ಮುಂಚೆ ಊರ ಅಗಸಿಯಲ್ಲಿ ಯಾರು ಕಾಯುತ್ತಾರೆ ಎಂದೂ ಹೇಳಬೇಕು.

ಸರ್ಕಾರ ಕಳಿಸುವ ಪ್ರವಾಹ, ಸಿಡಿಲಿನ ಎಚ್ಚರಿಕೆ ಫೋನಿನಲ್ಲಿ ಜೋರು ಸದ್ದಿನೊಂದಿಗೆ ಬರುತ್ತದೆ. ಅದು ಟವರ್ ಇದ್ದರೆ ಮಾತ್ರ. ಟವರ್ ಸತ್ತಾಗ ಗುಡಿಯ ಮೈಕು, ಅದೂ ಇಲ್ಲದಿದ್ದರೆ ಡಂಗುರ. ಡಂಗುರದವರು ಯಾರು, ಯಾರು ಹೇಳಿದರೆ ಸಾರಬೇಕು ಎನ್ನುವುದು ಮೊದಲೇ ಗೊತ್ತಾಗಿರಲಿ. ಜಿಲ್ಲಾ ವಿಪತ್ತು ಕಂಟ್ರೋಲ್ ರೂಮ್ ನಂಬರ್ 1077. ನೆರೆಯಲ್ಲಿ ಟವರ್‌ಗಳು ಹೋದರೆ ಚಕ್ರದ ಮೇಲಿನ ತಾತ್ಕಾಲಿಕ ಟವರ್ ತರಿಸಲು, ಕಂಪನಿಗಳ ನಡುವೆ ರೋಮಿಂಗ್ ತೆರೆಸಲು ಜಿಲ್ಲಾಡಳಿತ ಕೇಳಬಹುದು. ಹೊರ ರಾಜ್ಯಗಳಲ್ಲಿ ಚಂಡಮಾರುತ ಬಂದಾಗ ದೂರಸಂಪರ್ಕ ಇಲಾಖೆ ಹಾಗೆ ಮಾಡಿಸಿದೆ.

ಪ್ರತಿ ವರ್ಷ ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚೆ, ಜೆಸ್ಕಾಂ ಲೈನ್‌ಮನ್ ಮತ್ತು ಟವರ್ ಟೆಕ್ನಿಶಿಯನ್ ಇಬ್ಬರನ್ನೂ ಒಂದೇ ದಿನ ಕರೆಸಿ. ಲೈನ್ ತೆಗೆಸಿ, ಬ್ಯಾಟರಿ ಮೇಲೆ ಟವರ್ ಎಷ್ಟು ತಾಸು ನಡೆಯುತ್ತದೆ ಎಂದು ಗಡಿಯಾರ ನೋಡಿ ಬರೆಯಿರಿ. ಜನರೇಟರ್ ತಾನಾಗಿ ಚಾಲೂ ಆಯಿತಾ, ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದೆ ಎಂದು ನೋಡಿ. ಕರಾರಿನಲ್ಲಿ ಹೇಳಿದ್ದಕ್ಕಿಂತ ಕಡಿಮೆ ಬಂದರೆ ಆ ಅಂಕಿಯನ್ನು ವಹಿಯ ಜೆರಾಕ್ಸ್ ಜೊತೆ ಅದೇ ವಾರ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ.